ವಿಮಾನಕ್ಕೆ ದಾರಿ ಹೇಗೆ ಗೊತ್ತಾಗುತ್ತದೆ? ವಾಯುಮಾರ್ಗ, ವೇಪಾಯಿಂಟ್ ಮತ್ತು ಇಳಿಯುವ ಹಾದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಪೂರ್ವಕ್ಕೆ, ಸೂಲಿಬೆಲೆಯ ಕಡೆ ನಮ್ಮ ಚಿಕ್ಕಪ್ಪನ ಮನೆ ಇದೆ. ಮಳೆಗಾಲದ ಸಂಜೆ ತಾರಸಿ ಹತ್ತಿದರೆ ಪೂರ್ವದ ಮೋಡಗಳ ನಡುವಿನಿಂದ ಒಂದು ದೀಪ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ದಾರದಲ್ಲಿ ಪೋಣಿಸಿದಂತೆ ಬರುತ್ತಿರುತ್ತವೆ. ಚಿಕ್ಕಪ್ಪ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು, ಅದರಲ್ಲಿ ಬಹುಪಾಲು ಚಾರ್ಮಾಡಿ ಘಾಟಿಯ ಮೇಲೆ. ದಾರಿಯ ವಿಷಯದಲ್ಲಿ ಅವರನ್ನು ಸುಲಭವಾಗಿ ಒಪ್ಪಿಸಲಾಗದು. ಕೆಳಗಿನ ಪ್ರಶ್ನೆಗಳಲ್ಲಿ ಅರ್ಧ ಅವರವು. ಉಳಿದವು ಮೊಬೈಲಿನಲ್ಲಿ ವಿಮಾನಗಳ ನಕ್ಷೆ ನೋಡುತ್ತ ಕೂರುವ ಗೆಳೆಯರವು. ನಾನು ಪೈಲಟ್ ಅಲ್ಲ. ಈ ನಕ್ಷೆಗಳನ್ನೂ ಅಪಘಾತದ ತನಿಖಾ ವರದಿಗಳನ್ನೂ ವರ್ಷಗಳಿಂದ ಓದುತ್ತ ಬಂದ ಚಟದವನು.

ಆಕಾಶದಲ್ಲಿ ನಿಜವಾಗಿಯೂ ರಸ್ತೆಗಳಿವೆಯೇ?

ಇವೆ, ಕಾಗದದ ಮೇಲೆ. ವಿಮಾನಯಾನದ ನಕ್ಷೆಯನ್ನು ಬಿಡಿಸಿದರೆ ನದಿ, ಜಿಲ್ಲೆಗಳ ಗಡಿ ಏನೂ ಕಾಣುವುದಿಲ್ಲ. ಜೇಡರ ಬಲೆಯಂಥ ಗೆರೆಗಳು ಮಾತ್ರ. ನಮ್ಮ ಹೆದ್ದಾರಿಗಳಿಗೆ ಸಂಖ್ಯೆ ಇರುವಂತೆ ಆ ಒಂದೊಂದು ಗೆರೆಗೂ ಒಂದು ಇಂಗ್ಲಿಷ್ ಅಕ್ಷರ ಮತ್ತು ಒಂದು ಸಂಖ್ಯೆ ಇರುತ್ತದೆ. ಹಲವು ದೇಶಗಳನ್ನು ದಾಟುವ ಹಳೆಯ ಮಾರ್ಗಗಳಿಗೆ ಎ, ಬಿ, ಜಿ, ಆರ್ ಎಂಬ ಅಕ್ಷರಗಳು. ನೆಲದ ರೇಡಿಯೊ ಕೇಂದ್ರಗಳಿಗೆ ಅಂಟಿಕೊಳ್ಳದೆ, ವಿಮಾನದೊಳಗಿನ ಕಂಪ್ಯೂಟರ್ ಲೆಕ್ಕದ ಮೇಲೆ ಹಾರುವಂಥವಕ್ಕೆ ಎಲ್, ಎಂ, ಎನ್, ಪಿ. ಭಾರತದೊಳಗಿನ ಮಾರ್ಗಗಳಲ್ಲಿ ಡಬ್ಲ್ಯು ಮತ್ತು ಕ್ಯು ಅಕ್ಷರದವು ಹೆಚ್ಚಾಗಿ ಕಣ್ಣಿಗೆ ಬೀಳುತ್ತವೆ.

ರಸ್ತೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವೆಂದರೆ ಇಲ್ಲಿ ಮಹಡಿಗಳಿವೆ. ಪೂರ್ವ ದಿಕ್ಕಿಗೆ ಹೋಗುವವರಿಗೆ ಸಾಮಾನ್ಯವಾಗಿ ಬೆಸ ಸಾವಿರದ ಎತ್ತರ, ಉದಾಹರಣೆಗೆ 35,000 ಅಡಿ. ಪಶ್ಚಿಮಕ್ಕೆ ಹೋಗುವವರಿಗೆ ಸಮ ಸಾವಿರದ್ದು, 36,000 ಅಡಿ. ಎದುರಾಎದುರು ಬಂದವರ ನಡುವೆ ಸಾವಿರ ಅಡಿಯ ಅಂತರ ಉಳಿಯುತ್ತದೆ. 29,000 ಅಡಿಯ ಮೇಲೆ ಈ ಅಂತರ ಹಿಂದೆ ಎರಡು ಸಾವಿರ ಅಡಿ ಇತ್ತು. ಎತ್ತರ ಅಳೆಯುವ ಉಪಕರಣಗಳು ಸುಧಾರಿಸಿದ ಮೇಲೆ ಭಾರತದಲ್ಲಿ 2003ರಲ್ಲಿ ಅದನ್ನು ಸಾವಿರಕ್ಕೆ ಇಳಿಸಿದರು. ಅಷ್ಟೇ ಆಕಾಶದಲ್ಲಿ ಮಹಡಿಗಳು ಹೆಚ್ಚಾದವು.

ಇದೆಲ್ಲ ಬರುವ ಮೊದಲು ದಾರಿ ಹೇಗೆ ಹುಡುಕುತ್ತಿದ್ದರು?

ಕಿಟಕಿಯಿಂದ ಕೆಳಗೆ ನೋಡಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬೈಗೆ ಪುಟ್ಟ ಪಸ್ ಮಾತ್ ವಿಮಾನದಲ್ಲಿ ಅಂಚೆ ತಂದರು. ಮುಂಬೈನಿಂದ ಮದ್ರಾಸಿಗೆ ಆ ಅಂಚೆಯನ್ನು ಒಯ್ದವರು ನೆವಿಲ್ ವಿನ್ಸೆಂಟ್, ನಡುವೆ ನಮ್ಮ ಬಳ್ಳಾರಿಯಲ್ಲಿ ಇಳಿದು. ರೇಡಿಯೊ ಇರಲಿಲ್ಲ. ದಿಕ್ಸೂಚಿ, ನಕ್ಷೆ, ಕೆಳಗೆ ಕಾಣುವ ರೈಲು ಹಳಿ, ನದಿ, ಬೆಟ್ಟ: ಇಷ್ಟೇ ಬಂಡವಾಳ.

ರಾತ್ರಿ ಏನು ಮಾಡುವುದು? ಅಮೆರಿಕದಲ್ಲಿ 1921ರ ಫೆಬ್ರವರಿಯಲ್ಲಿ ಅಂಚೆ ವಿಮಾನವೊಂದು ರಾತ್ರಿ ಹಾರಿದಾಗ ಕೆಳಗಿನ ಜನ ಸೌದೆ ಒಟ್ಟಿ ಬೆಂಕಿ ಹಾಕಿ ದಾರಿ ತೋರಿಸಿದ್ದರು. ಆಮೇಲೆ ದೀಪಸ್ತಂಭಗಳು ಬಂದವು, ನೆಲದ ಮೇಲೆ ಕಾಂಕ್ರೀಟಿನ ದೊಡ್ಡ ಬಾಣಗಳು ಬಂದವು. ಮೋಡ ಕವಿದರೆ ಅವೆಲ್ಲವೂ ಇದ್ದೂ ಇಲ್ಲದಂತೆ.

ನನಗೆ ಬಹಳ ಇಷ್ಟವಾಗುವುದು ಅದರ ನಂತರ ಬಂದ ಉಪಾಯ. ನೆಲದ ಕೇಂದ್ರವೊಂದು ದಾರಿಯ ಒಂದು ಬದಿಗೆ ಮೋರ್ಸ್ ಸಂಕೇತದ ಎ ಅಕ್ಷರವನ್ನು, ಅಂದರೆ ಗಿಡ್ಡ-ಉದ್ದ ಸದ್ದನ್ನು ಬಿತ್ತರಿಸುತ್ತಿತ್ತು. ಇನ್ನೊಂದು ಬದಿಗೆ ಎನ್ ಅಕ್ಷರವನ್ನು, ಅಂದರೆ ಉದ್ದ-ಗಿಡ್ಡ. ಎರಡೂ ಒಂದರ ಬಿಡುವನ್ನು ಇನ್ನೊಂದು ತುಂಬುವಂತೆ ತಾಳ ಹಾಕಿದ್ದರು. ಪೈಲಟ್ ಸರಿಯಾಗಿ ನಡುವೆ ಇದ್ದರೆ ಎರಡೂ ಬೆರೆತು ತಂಬೂರಿಯ ಶ್ರುತಿಯಂತೆ ಒಂದೇ ಎಳೆಯ ಸದ್ದು. ಎಡಕ್ಕೋ ಬಲಕ್ಕೋ ಜಾರಿದರೆ ಒಂದು ಅಕ್ಷರ ಗಟ್ಟಿಯಾಗಿ ಕೇಳಲು ಶುರು. ದಾರಿ ಕಿವಿಯಲ್ಲಿತ್ತು. ಈ ಉಪಾಯವನ್ನು ನೆನಪಿಡಿ, ರನ್‌ವೇ ಹತ್ತಿರ ಬಂದಾಗ ಮತ್ತೆ ಬೇಕಾಗುತ್ತದೆ.

1940ರ ದಶಕದಿಂದ ವಿಒಆರ್ ಎಂಬ ಕೇಂದ್ರಗಳು ಇದರ ಜಾಗ ಹಿಡಿದವು. ಅದನ್ನು ರೇಡಿಯೊ ಅಲೆಗಳ ದೀಪಸ್ತಂಭ ಎನ್ನಬಹುದು: ಒಂದು ಸಂಕೇತ ಎಲ್ಲ ದಿಕ್ಕಿಗೂ ಒಂದೇ ಸಮನೆ ಹೋಗುತ್ತದೆ, ಇನ್ನೊಂದು ಸೆಕೆಂಡಿಗೆ 30 ಬಾರಿ ಸುತ್ತುತ್ತದೆ. ಎರಡರ ನಡುವಿನ ವ್ಯತ್ಯಾಸ ಅಳೆದು ಕಾಕ್‌ಪಿಟ್ಟಿನ ಉಪಕರಣ ‘ನೀವು ಈ ಕೇಂದ್ರದ ಇಂಥ ದಿಕ್ಕಿನಲ್ಲಿದ್ದೀರಿ’ ಎಂದು ತೋರಿಸುತ್ತದೆ. ಹಳೆಯ ವಾಯುಮಾರ್ಗಗಳು ಅಡ್ಡಾದಿಡ್ಡಿಯಾಗಿ ಕಾಣುವುದಕ್ಕೆ ಕಾರಣ ಇದೇ. ಅವು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಎಳೆದ ಗೆರೆಗಳು.

ವೇಪಾಯಿಂಟ್ ಎಂದರೇನು? ಅಲ್ಲಿ ಏನಾದರೂ ಇರುತ್ತದೆಯೇ?

ಏನೂ ಇರುವುದಿಲ್ಲ. ಅದು ಅಕ್ಷಾಂಶ, ರೇಖಾಂಶಗಳಿಂದ ಗುರುತಿಸಿದ ಒಂದು ಬಿಂದು. ಕೆಳಗೆ ರಾಗಿ ಹೊಲ ಇರಬಹುದು, ಅರಬ್ಬೀ ಸಮುದ್ರ ಇರಬಹುದು.

‘ಊರೇ ಇಲ್ಲದ ಕಡೆ ಸ್ಟಾಪ್ ಯಾಕೆ?’ ಎಂದು ಚಿಕ್ಕಪ್ಪ ಕೇಳಿದರು. ಬಸ್ಸಿನಲ್ಲಿ ಇರುತ್ತವಲ್ಲ, ಯಾರೂ ಹತ್ತದ, ಇಳಿಯದ ಸ್ಟೇಜುಗಳು? ಟಿಕೆಟ್ ಲೆಕ್ಕಕ್ಕೆ ಮಾತ್ರ ಬೇಕಾದವು. ವೇಪಾಯಿಂಟ್ ಸಹ ಲೆಕ್ಕದ ಸ್ಟೇಜು. ಇಲ್ಲಿ ತಿರುಗಬೇಕು, ಇಲ್ಲಿ ಇಷ್ಟು ಎತ್ತರದಲ್ಲಿರಬೇಕು, ಇಲ್ಲಿಂದ ಮುಂದೆ ಬೇರೆ ನಿಯಂತ್ರಣ ಕೇಂದ್ರದೊಡನೆ ಮಾತನಾಡಬೇಕು ಎಂದು ಹೇಳಿಕೊಳ್ಳಲು ಒಂದು ಹೆಸರು ಬೇಕು. 14 ಡಿಗ್ರಿ 13 ನಿಮಿಷ ಎಂದು ರೇಡಿಯೊದಲ್ಲಿ ಓದುತ್ತ ಕುಳಿತರೆ ಕೆಲಸ ಕೆಟ್ಟಂತೆಯೇ.

ಆ ವಿಚಿತ್ರ ಹೆಸರುಗಳು ಎಲ್ಲಿಂದ ಬರುತ್ತವೆ?

ನಿಯಮ ಸರಳ: ಐದು ಇಂಗ್ಲಿಷ್ ಅಕ್ಷರ, ಬಾಯಲ್ಲಿ ಹೇಳಲು ಬರಬೇಕು, ಜಗತ್ತಿನಲ್ಲಿ ಅದೇ ಹೆಸರು ಇನ್ನೊಂದು ಇರಬಾರದು. ಲೆಕ್ಕಕ್ಕೆ ಐದಕ್ಷರದಲ್ಲಿ 1 ಕೋಟಿ 18 ಲಕ್ಷಕ್ಕೂ ಹೆಚ್ಚು ಜೋಡಣೆಗಳು ಸಾಧ್ಯ. ಅವುಗಳಲ್ಲಿ ಬಾಯಿಗೆ ಬರುವಂಥವು ಕಡಿಮೆ, ಒಂದಕ್ಕೊಂದು ಗೊಂದಲವಾಗದಂಥವು ಇನ್ನೂ ಕಡಿಮೆ. ಆದ್ದರಿಂದಲೇ ಅರ್ಥವಿಲ್ಲದ, ಕೇಳಲು ಮಾತ್ರ ಹಿತವಾದ ಪದಗಳು ಹುಟ್ಟುತ್ತವೆ. 2014ರ ಮಾರ್ಚ್ 8ರಂದು ಕಾಣೆಯಾದ ಮಲೇಷ್ಯಾದ ಎಂಎಚ್370 ವಿಮಾನದ ಸುದ್ದಿ ಓದಿದವರಿಗೆ ‘ಇಗಾರಿ’ ನೆನಪಿರಬಹುದು. ಮಲೇಷ್ಯಾ ಮತ್ತು ವಿಯೆಟ್ನಾಂ ನಿಯಂತ್ರಣ ಪ್ರದೇಶಗಳ ನಡುವಿನ ಬಿಂದು ಅದು. ಅದನ್ನು ದಾಟಿದ ಕೂಡಲೇ ಆ ವಿಮಾನ ತಿರುಗಿತು. ಇಂಗ್ಲಿಷಿನಲ್ಲಿ ಐದಕ್ಷರ, ಕನ್ನಡದಲ್ಲಿ ಬರೆದರೆ ಮೂರೇ.

ಅಮೆರಿಕದವರು ಇದರಲ್ಲೂ ತಮಾಷೆ ಮಾಡುತ್ತಾರೆ. ಸುಟ್ಟ ಮಾಂಸದ ಅಡುಗೆಗೆ ಹೆಸರಾದ ಕ್ಯಾನ್ಸಸ್ ಸಿಟಿಯ ಸುತ್ತ ಬಾರ್ಬಿಕ್ಯೂ, ಸ್ಪೈಸಿ, ಸ್ಮೋಕ್, ರಿಬ್ಸ್ ಎಂಬ ಬಿಂದುಗಳಿವೆ, ಕಾಗುಣಿತವನ್ನು ಐದಕ್ಷರಕ್ಕೆ ತಿರುಚಿ ಕೂರಿಸಿದಂಥವು. ಫ್ಲಾರಿಡಾದ ಪಾಮ್ ಬೀಚ್ ಬಳಿ ಡೊನಾಲ್ಡ್ ಟ್ರಂಪ್ ಹೆಸರಿನ ಮೇಲೂ ಬಿಂದುಗಳಿದ್ದವು. 2015ರಲ್ಲಿ ಅಲ್ಲಿನ ವಿಮಾನಯಾನ ಇಲಾಖೆ ಅವನ್ನು ಬದಲಾಯಿಸಿತು.

ಪೈಲಟ್ ಇಷ್ಟೊಂದು ಹೆಸರುಗಳನ್ನು ನೆನಪಿಟ್ಟುಕೊಳ್ಳುತ್ತಾರೆಯೇ?

ಇಲ್ಲ. ಹೊರಡುವ ಮೊದಲೇ ವಿಮಾನಯಾನ ಕಂಪನಿಯ ಕಚೇರಿಯಲ್ಲಿ ಗಾಳಿ, ಇಂಧನ, ತೂಕ ನೋಡಿ ದಾರಿಯ ಯೋಜನೆ ಸಿದ್ಧವಾಗುತ್ತದೆ. ಅದು ಎಫ್‌ಎಂಎಸ್ ಎಂಬ ಕಂಪ್ಯೂಟರಿಗೆ ಹೋಗುತ್ತದೆ. ಜಗತ್ತಿನ ಬಿಂದುಗಳು, ಮಾರ್ಗಗಳು, ರನ್‌ವೇಗಳ ದತ್ತಾಂಶ ಅದರೊಳಗಿರುತ್ತದೆ ಮತ್ತು ಪ್ರತಿ 28 ದಿನಕ್ಕೊಮ್ಮೆ ಹೊಸದಾಗುತ್ತದೆ. ಜಗತ್ತಿನಾದ್ಯಂತ ಇದಕ್ಕೆ ಒಂದೇ ಪಂಚಾಂಗ.

ಇಬ್ಬರು ಪೈಲಟ್‌ಗಳಲ್ಲಿ ಒಬ್ಬರು ಪರದೆಯ ಮೇಲಿನ ಬಿಂದುಗಳನ್ನು ಓದುತ್ತಾರೆ, ಇನ್ನೊಬ್ಬರು ಚಾರ್ಟಿನ ಮೇಲೆ ಬೆರಳಿಟ್ಟು ತಾಳೆ ನೋಡುತ್ತಾರೆ: ಈ ಬಿಂದುವಿನಿಂದ ಮುಂದಿನದಕ್ಕೆ ಇಂಥ ದಿಕ್ಕು, ಇಷ್ಟು ಮೈಲಿ. ಹಳೆಯ ಕಾಲದ ಅಂಗಡಿಯಲ್ಲಿ ಒಬ್ಬರು ಚೀಟಿ ಓದಿ ಇನ್ನೊಬ್ಬರು ಸಾಮಾನು ಎಣಿಸುತ್ತಿದ್ದ ಹಾಗೆ. ನೋಡುವವರಿಗೆ ಬೇಸರದ ಕೆಲಸ. ಅದನ್ನು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೆಳಗೆ ಒಂದು ಉದಾಹರಣೆ ಬರುತ್ತದೆ.

ವಿಮಾನ ಪ್ರತಿ ಬಿಂದುವಿನ ನೆತ್ತಿಯ ಮೇಲೇ ಹಾದುಹೋಗುತ್ತದೆಯೇ?

ನೇರ ದಾರಿಯಲ್ಲಿ ಹೌದು. ತಿರುವಿದ್ದರೆ ಹೆಚ್ಚಾಗಿ ಇಲ್ಲ; ಬಿಂದು ಬರುವ ಮೊದಲೇ ವಾಲಲು ಶುರು ಮಾಡಿ ಒಳಬದಿಯಿಂದ ಬಾಗಿ ಹೋಗುತ್ತದೆ. ಬಿಂದುವಿನ ಮೇಲೆ ಹಾದೇ ತಿರುಗಬೇಕೆಂಬ ಕೆಲವು ಬಿಂದುಗಳೂ ಇವೆ, ಚಾರ್ಟಿನಲ್ಲಿ ಅವುಗಳ ಸುತ್ತ ವೃತ್ತ ಬರೆದಿರುತ್ತಾರೆ.

ಇಳಿಯಲು ಶುರು ಮಾಡುವುದು ಯಾವಾಗ?

ನಾವು ಅಂದುಕೊಳ್ಳುವುದಕ್ಕಿಂತ ಬಹಳ ಮೊದಲು. ಪೈಲಟ್‌ಗಳ ಬಾಯಿಲೆಕ್ಕ ಹೀಗಿದೆ: ಪ್ರತಿ ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್.

ಬೆಂಗಳೂರಿಗೆ ಈ ಲೆಕ್ಕ ಹಾಕೋಣ. ವಿಮಾನ 35,000 ಅಡಿಯಲ್ಲಿದೆ. ನಮ್ಮ ನಿಲ್ದಾಣವೇ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ಇಳಿಯಬೇಕಾದ್ದು 32,000 ಅಡಿ. ಮೂರರಿಂದ ಗುಣಿಸಿದರೆ 96 ಮೈಲಿ. ವೇಗ ತಗ್ಗಿಸಲು ಇನ್ನೊಂದು ಹತ್ತು ಸೇರಿಸಿ. ಒಟ್ಟು ಸುಮಾರು ಇನ್ನೂರು ಕಿಲೋಮೀಟರ್. ಮುಂಬೈನಿಂದ ಬರುವ ವಿಮಾನವಾದರೆ ಅದು ಹೆಚ್ಚುಕಡಿಮೆ ಚಿತ್ರದುರ್ಗದ ಸೀಮೆ. ನೀವು ಕಾಫಿ ಲೋಟ ಕೆಳಗಿಡುವ ಮೊದಲೇ ಎಂಜಿನ್ನಿನ ಸದ್ದು ಕುಗ್ಗಿ ಮೂತಿ ಸ್ವಲ್ಪ ತಗ್ಗುತ್ತದಲ್ಲ, ಅದೇ ಗಳಿಗೆ. ಅದೇ ವಿಮಾನ ಚೆನ್ನೈಗೆ ಹೋಗುತ್ತಿದ್ದರೆ ನಿಲ್ದಾಣ ಸಮುದ್ರದ ಮಟ್ಟದಲ್ಲೇ ಇರುವುದರಿಂದ ಇನ್ನೂ ಒಂಬತ್ತು ಮೈಲಿ, ಅಂದರೆ ಹದಿನಾರು ಹದಿನೇಳು ಕಿಲೋಮೀಟರ್ ಮೊದಲೇ ಇಳಿತ ಆರಂಭವಾಗಬೇಕು.

ಚಿಕ್ಕಪ್ಪನಿಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ‘ಘಾಟಿ ಇಳಿಯುವಾಗ ಗೇರ್ ಮೊದಲೇ ತಗ್ಗಿಸಬೇಕು. ನಡುವೆ ಬ್ರೇಕ್ ನಂಬಿದವನು ಕೆಟ್ಟ’ ಎಂದರು. ವಿಮಾನದ ಕಷ್ಟವೂ ಅದೇ. ಅದು ಕೆಳಗಿಳಿಯಬೇಕು, ಜೊತೆಗೆ ನಿಧಾನವೂ ಆಗಬೇಕು. ಇಳಿಜಾರಿನಲ್ಲಿ ವೇಗ ತಾನಾಗಿ ಏರುತ್ತದೆ. ತಡವಾಗಿ ಇಳಿಯಲು ಶುರು ಮಾಡಿದವರು ರೆಕ್ಕೆಯ ಮೇಲಿನ ಹಲಗೆಗಳನ್ನು ಎತ್ತಿ ಗಾಳಿಯನ್ನು ತಡೆಯುತ್ತಾರೆ. ಇಳಿಯುವ ಹೊತ್ತಿನಲ್ಲಿ ವಿಮಾನ ಗಡಗಡನೆ ಅದುರಿ, ರೆಕ್ಕೆಯ ಮೇಲೆ ತಗಡುಗಳು ಎದ್ದು ನಿಂತಿದ್ದರೆ ಹೆದರಬೇಡಿ. ಅವು ಸ್ಪೀಡ್‌ಬ್ರೇಕ್.

‘ಸ್ಟಾರ್’ ಎಂದು ಪೈಲಟ್‌ಗಳು ಹೇಳುತ್ತಾರಲ್ಲ, ಅದೇನು?

ಹೆದ್ದಾರಿಯಿಂದ ಊರೊಳಗೆ ಬರುವ, ಮೊದಲೇ ಅಚ್ಚು ಹಾಕಿಸಿಟ್ಟ ದಾರಿ. ಆಕಾಶದ ಹೆದ್ದಾರಿ ಮುಗಿಯುವ ಬಿಂದುವಿನಿಂದ ಶುರುವಾಗಿ, ರನ್‌ವೇಗೆ ಮುಖ ಮಾಡುವ ಜಾಗದ ತನಕ ಯಾವ ಬಿಂದುವಾದ ಮೇಲೆ ಯಾವುದು, ಎಲ್ಲಿ ಎಷ್ಟು ಎತ್ತರ, ಎಷ್ಟು ವೇಗ ಎಂದು ಅದರಲ್ಲಿ ಬರೆದಿರುತ್ತದೆ. ಸಾಮಾನ್ಯವಾಗಿ ಒಂದು ಬಿಂದುವಿನ ಹೆಸರು, ಒಂದು ಅಂಕಿ, ಒಂದು ಅಕ್ಷರ ಸೇರಿ ಅದರ ಹೆಸರಾಗುತ್ತದೆ. ದಾರಿ ತಿದ್ದಿದಾಗಲೆಲ್ಲ ಅಂಕಿ ಬದಲಾಗುತ್ತದೆ, ಹಳೆಯ ಕಾಗದ ಹಿಡಿದವರು ಕೂಡಲೇ ಸಿಕ್ಕಿಬೀಳುತ್ತಾರೆ.

ಎತ್ತರದ ಷರತ್ತುಗಳೇ ಇದರ ಜೀವ. ‘ಈ ಬಿಂದುವಿನಲ್ಲಿ 12,000 ಅಡಿಗಿಂತ ಕೆಳಗೆ ಬರಬೇಡ’, ‘ಆ ಬಿಂದುವಿನಲ್ಲಿ 9,000ಕ್ಕಿಂತ ಮೇಲಿರಬೇಡ’ ಎಂಬ ಬಗೆಯವು. ಚಾರ್ಟಿನಲ್ಲಿ ಸಂಖ್ಯೆಯ ಕೆಳಗೆ ಗೆರೆ ಇದ್ದರೆ ಅದಕ್ಕಿಂತ ಕೆಳಗಿಳಿಯುವಂತಿಲ್ಲ, ಮೇಲೆ ಗೆರೆ ಇದ್ದರೆ ಅದಕ್ಕಿಂತ ಮೇಲಿರುವಂತಿಲ್ಲ. ಆ ಗೆರೆಗಳ ನಡುವೆ ನುಸುಳಿ ಬರುವುದೇ ಪೈಲಟ್ ಕೆಲಸ. ಹೊರಡುವ ವಿಮಾನಗಳ ದಾರಿ ಅದರ ಕೆಳಗೋ ಮೇಲೋ ಹಾದಿರುತ್ತದೆ. 10,000 ಅಡಿಯ ಕೆಳಗೆ ವೇಗ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 250 ನಾಟಿಕಲ್ ಮೈಲಿ, ಮೀರುವಂತಿಲ್ಲ.

ವಿಮಾನ ನಿಲ್ದಾಣವನ್ನು ದಾಟಿ ಮುಂದೆ ಹೋಗಿ ಮತ್ತೆ ತಿರುಗಿ ಬಂತು. ಪೈಲಟ್‌ಗೆ ದಾರಿ ತಪ್ಪಿತೇ?

ಮೊಬೈಲ್ ನಕ್ಷೆ ನೋಡುವವರ ಅತಿ ಸಾಮಾನ್ಯ ಪ್ರಶ್ನೆ ಇದು. ತಪ್ಪಿಲ್ಲ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ-ಪಶ್ಚಿಮವಾಗಿ, ಒಂದಕ್ಕೊಂದು ಸಮಾನಾಂತರವಾಗಿವೆ. ಎರಡನೆಯದು 2019ರ ಡಿಸೆಂಬರಿನಲ್ಲಿ ಬಳಕೆಗೆ ಬಂತು. ಪೂರ್ವಕ್ಕೆ ಮುಖ ಮಾಡಿ ಇಳಿದರೆ ಅದರ ಹೆಸರು 09, ಅಂದರೆ ದಿಕ್ಸೂಚಿಯ 90 ಡಿಗ್ರಿ. ಪಶ್ಚಿಮಕ್ಕಾದರೆ 27, ಅಂದರೆ 270 ಡಿಗ್ರಿ.

ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಮುಂಬೈನಿಂದ ಬಂದ ವಿಮಾನ ಆಗ ನಿಲ್ದಾಣದ ಪಕ್ಕದಿಂದ ಪೂರ್ವಕ್ಕೆ ಹಾದು, ಹೊಸಕೋಟೆ, ಸೂಲಿಬೆಲೆ ಕಡೆ ಹೋಗಿ ಹಿಂದಿರುಗಿ ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕು. ಚಿಕ್ಕಪ್ಪನ ತಾರಸಿಗೆ ಮಳೆಗಾಲದಲ್ಲಿ ದೀಪಗಳ ಸಾಲು ಕಾಣುವುದು ಇದರಿಂದ. ಚಳಿಗಾಲದಲ್ಲಿ ಮೂಡಣ ಗಾಳಿ ಬೀಸುವಾಗ ಆ ಸಾಲು ರಾಜಾನುಕುಂಟೆಯ ಕಡೆಗೆ ಹೋಗುತ್ತದೆ, ಇಲ್ಲಿನವರಿಗೆ ಮೇಲೇರುವ ವಿಮಾನಗಳು ಸಿಗುತ್ತವೆ.

ಎಲ್ಲ ಬರೆದಿಟ್ಟಿದ್ದರೆ ನಿಯಂತ್ರಕರಿಗೆ ಏನು ಕೆಲಸ?

ಬರೆದಿಟ್ಟದ್ದನ್ನು ಕೆಡಿಸುವುದು! ಏಳು ಕಡೆಯಿಂದ ಬರುವ ವಿಮಾನಗಳನ್ನು ಒಂದು ಸಾಲಿಗೆ ತರಬೇಕು. ನಿಲ್ದಾಣದ ಸುತ್ತ ರಾಡಾರಿನ ಕಣ್ಣಳತೆಯಲ್ಲಿ ಎರಡರ ನಡುವೆ ಸಾಮಾನ್ಯವಾಗಿ ಕನಿಷ್ಠ ಮೂರು ಮೈಲಿ, ದೂರದ ಆಕಾಶದಲ್ಲಿ ಐದು ಮೈಲಿ ಅಂತರ ಇರಬೇಕು. ದೊಡ್ಡ ವಿಮಾನದ ಹಿಂದೆ ಸಣ್ಣದು ಬಂದರೆ ಅದರ ರೆಕ್ಕೆಯಿಂದ ಎದ್ದ ಸುಳಿಗಾಳಿಗೆ ಇನ್ನಷ್ಟು ದೂರ ಬಿಡಬೇಕು.

ಆದ್ದರಿಂದ ನಿಯಂತ್ರಕರು ಒಬ್ಬರಿಗೆ ‘ಮುಂದಿನ ಎರಡು ಬಿಂದು ಬಿಟ್ಟು ನೇರ ಮೂರನೆಯದಕ್ಕೆ ಹೋಗಿ’ ಎನ್ನುತ್ತಾರೆ, ಇನ್ನೊಬ್ಬರನ್ನು ದಾರಿಯಿಂದ ಹೊರಗೆಳೆದು ‘ಎಡಕ್ಕೆ ತಿರುಗಿ, ದಿಕ್ಕು ಎರಡು ನಾಲ್ಕು ಸೊನ್ನೆ’ ಎನ್ನುತ್ತಾರೆ. ಈ ಎರಡನೆಯದಕ್ಕೆ ವೆಕ್ಟರ್ ಎಂದು ಹೆಸರು. ಪೈಲಟ್ ಹೇಳಿದ್ದನ್ನು ಮರಳಿ ಒಪ್ಪಿಸಬೇಕು, ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ನಿಯಂತ್ರಕರು ಅದನ್ನು ಕಿವಿಗೊಟ್ಟು ಕೇಳಬೇಕು. ಆರು ಗಂಟೆಯ ವಿಮಾನಕ್ಕೆ ಮೈಲಿಗಳ ಉಳಿತಾಯ ಸಿಕ್ಕಿತು, ಆರೂ ಐದರದಕ್ಕೆ ಸುತ್ತಾಟ ಸಿಕ್ಕಿತು ಎಂದರೆ ಅದು ಪಕ್ಷಪಾತವಲ್ಲ, ಸಾಲಿನ ಲೆಕ್ಕ.

ಈ ಮಾತುಕತೆ ಕಡಿಮೆ ಮಾಡಲು 2011ರಲ್ಲಿ ನಾರ್ವೆಯ ಓಸ್ಲೋದಲ್ಲಿ ಮೊದಲ ಬಾರಿಗೆ ಒಂದು ಜಾಣ ವಿನ್ಯಾಸ ತಂದರು. ಬೀಸಣಿಗೆಯ ಅಂಚಿನಂಥ ಕಮಾನಿನ ಮೇಲೆ ವಿಮಾನಗಳು ಹಾರುತ್ತಿರುತ್ತವೆ. ಹಿಡಿಕೆಯ ಜಾಗದಲ್ಲಿ ಒಂದು ಬಿಂದು. ಕಮಾನಿನ ಯಾವ ಕಡೆಯಿಂದಲೂ ಆ ಬಿಂದುವಿಗೆ ಹೆಚ್ಚುಕಡಿಮೆ ಒಂದೇ ದೂರ. ಅಂತರ ಸಾಕಾದಾಗ ‘ಈಗ ಬಿಂದುವಿಗೆ ನೇರ ಬನ್ನಿ’ ಎಂಬ ಒಂದೇ ಮಾತು ಸಾಕು.

ಆಕಾಶದಲ್ಲೇ ಸುತ್ತು ಹಾಕಿಸುತ್ತಾರಲ್ಲ, ಆಗ ಏನು ನಡೆಯುತ್ತಿರುತ್ತದೆ?

ಅದು ಹೋಲ್ಡಿಂಗ್. ಒಂದು ಬಿಂದುವನ್ನು ಹಿಡಿದು ಓಟದ ಮೈದಾನದ ಆಕಾರದಲ್ಲಿ, ಸಾಮಾನ್ಯವಾಗಿ ಬಲಕ್ಕೆ ಸುತ್ತುವುದು. 14,000 ಅಡಿಯ ಕೆಳಗೆ ಒಂದು ನಿಮಿಷ ತಿರುವು, ಒಂದು ನಿಮಿಷ ನೇರ, ಮತ್ತೆ ತಿರುವು, ಮತ್ತೆ ನೇರ: ಸುತ್ತಿಗೆ ನಾಲ್ಕು ನಿಮಿಷ. ಹಲವು ವಿಮಾನಗಳಿದ್ದರೆ ಸಾವಿರ ಅಡಿಗೊಂದರಂತೆ ಪೇರಿಸುತ್ತಾರೆ, ಕೆಳಗಿನದು ಹೊರಟಂತೆ ಮೇಲಿನವು ಒಂದೊಂದು ಮೆಟ್ಟಿಲು ಇಳಿಯುತ್ತವೆ. ಲಂಡನ್ನಿನ ಹೀಥ್ರೂ ಸುತ್ತ ಇಂಥ ನಾಲ್ಕು ಪೇರಿಕೆಗಳಿವೆ. ಇಂಧನದ ಭಯ ಬೇಡ: ಬದಲಿ ನಿಲ್ದಾಣಕ್ಕೆ ಹೋಗಲು ಬೇಕಾದಷ್ಟು, ಅದರ ಮೇಲೆ ಮೂವತ್ತು ನಿಮಿಷದ ಮುಟ್ಟಬಾರದ ಗಂಟು ಇಟ್ಟುಕೊಂಡೇ ಹೊರಟಿರುತ್ತಾರೆ. ಬೆಂಗಳೂರಿನಲ್ಲಿ ಗುಡುಗು ಮಳೆ ಬಿದ್ದ ಸಂಜೆ ವಿಮಾನಗಳು ಚೆನ್ನೈನಲ್ಲಿ ಹೋಗಿ ಕೂರುವುದು ಆ ಲೆಕ್ಕದ ಪ್ರಕಾರವೇ.

ಬೆಟ್ಟ ಅಡ್ಡ ಬಂದರೆ? ಹೆಸರು ತಪ್ಪಾಗಿ ಒತ್ತಿದರೆ?

ಬೆಟ್ಟಗಳ ಲೆಕ್ಕ ಚಾರ್ಟಿನಲ್ಲೇ ಇರುತ್ತದೆ. ನಿಲ್ದಾಣದ ಸುತ್ತ 25 ಮೈಲಿಯೊಳಗಿನ ಅತಿ ಎತ್ತರದ ಜಾಗಕ್ಕಿಂತ ಕನಿಷ್ಠ ಸಾವಿರ ಅಡಿ ಮೇಲೆ ಇರುವಂತೆ ಒಂದು ಸುರಕ್ಷಿತ ಎತ್ತರ ಬರೆದಿರುತ್ತಾರೆ. ನಮ್ಮ ನಿಲ್ದಾಣದ ಉತ್ತರಕ್ಕೆ ನಂದಿಬೆಟ್ಟ ಇದೆ, 1,478 ಮೀಟರ್, ಅಂದರೆ ಸುಮಾರು 4,850 ಅಡಿ. ರನ್‌ವೇಯಿಂದ ಇಪ್ಪತ್ತು ಕಿಲೋಮೀಟರ್ ದೂರವೂ ಇಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಕೊಲಂಬಿಯಾದ ಕಾಲಿ ನಗರದಲ್ಲಿದೆ. 1995ರ ಡಿಸೆಂಬರ್ 20ರ ರಾತ್ರಿ, ಮಯಾಮಿಯಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್ 965, ಬೋಯಿಂಗ್ 757. ಎರಡೂ ಬದಿಗೆ ಆಂಡಿಸ್ ಪರ್ವತ, ನಡುವೆ ಉದ್ದನೆಯ ಕಣಿವೆ, ಕಣಿವೆಯ ತಳದಲ್ಲಿ ನಿಲ್ದಾಣ. ತಡವಾಗಿ ಹೊರಟಿದ್ದ ವಿಮಾನಕ್ಕೆ ನಿಯಂತ್ರಕರು ‘ಸುತ್ತಿ ಬರುವ ಬದಲು ನೇರ ರನ್‌ವೇ 19ಕ್ಕೆ ಬರುತ್ತೀರಾ’ ಎಂದು ಕೇಳಿದರು. ಪೈಲಟ್‌ಗಳು ಒಪ್ಪಿದರು. ಒಪ್ಪಿದ್ದರಿಂದ ಇಳಿಯಲು ಸಮಯ ಸಾಲದಾಯಿತು, ಸ್ಪೀಡ್‌ಬ್ರೇಕ್ ಎತ್ತಿದರು.

ಹೊಸ ದಾರಿಯಲ್ಲಿ ‘ರೋಸೊ’ ಎಂಬ ರೇಡಿಯೊ ಕೇಂದ್ರಕ್ಕೆ ಹೋಗಬೇಕಿತ್ತು. ಚಾರ್ಟಿನಲ್ಲಿ ಅದರ ಗುರುತು ಆರ್. ಕಂಪ್ಯೂಟರಿನಲ್ಲಿ ಆರ್ ಎಂದು ಒತ್ತಿದರೆ ಅದೇ ಗುರುತಿನ ಕೇಂದ್ರಗಳ ಪಟ್ಟಿ ಬರುತ್ತದೆ, ಮೊದಲಿನದನ್ನು ಆರಿಸಿಕೊಂಡರು. ಅದು ರೋಸೊ ಆಗಿರಲಿಲ್ಲ, ಬೊಗೊಟಾ ಬಳಿಯ ‘ರೋಮಿಯೊ’. ದತ್ತಾಂಶದಲ್ಲಿ ರೋಸೊ ಬೇಕಿದ್ದರೆ ಪೂರ್ತಿ ಹೆಸರನ್ನೇ ಒತ್ತಬೇಕಿತ್ತು. ವಿಮಾನ ವಿಧೇಯವಾಗಿ ಎಡಕ್ಕೆ, ಪೂರ್ವದ ಪರ್ವತದ ಕಡೆಗೆ ತಿರುಗಿತು, ಇಳಿಯುತ್ತಲೇ ಇತ್ತು. ತಪ್ಪು ತಿಳಿದು ಮರಳಿ ತಿರುಗುವ ಹೊತ್ತಿಗೆ ಕಣಿವೆಯಿಂದ ಆಚೆ ಬಂದಾಗಿತ್ತು. ನೆಲ ಹತ್ತಿರವಾಯಿತೆಂಬ ಎಚ್ಚರಿಕೆ ಕೂಗಿದಾಗ ಎಂಜಿನ್ನಿಗೆ ಪೂರ್ಣ ಬಲ ಕೊಟ್ಟರು. ಎತ್ತಿದ ಸ್ಪೀಡ್‌ಬ್ರೇಕ್ ಮಾತ್ರ ಎತ್ತಿದಂತೆಯೇ ಇತ್ತು. ವಿಮಾನದಲ್ಲಿದ್ದ 163 ಜನರಲ್ಲಿ 159 ಜನ ಸತ್ತರು.

ಈ ವರದಿಯನ್ನು ನಾನು ಹಲವು ಸಲ ಓದಿದ್ದೇನೆ. ಒಂದು ಅಕ್ಷರಕ್ಕಿಂತ ನನ್ನನ್ನು ಕಾಡುವುದು ಅದಕ್ಕೆ ಮುಂಚಿನ ಗಳಿಗೆ, ಹತ್ತಿರದ ದಾರಿಗೆ ‘ಹೂಂ’ ಎಂದ ಗಳಿಗೆ. ತಾಳೆ ನೋಡುವ ಬೇಸರದ ಕೆಲಸಕ್ಕೆ ಆಮೇಲೆ ಸಮಯವೇ ಉಳಿಯಲಿಲ್ಲ.

ಮಂಗಳೂರಿನ ಅಪಘಾತಕ್ಕೂ ಇದಕ್ಕೂ ಸಂಬಂಧವಿದೆಯೇ?

ಇಳಿತದ ಲೆಕ್ಕದೊಡನೆ ಇದೆ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಬೋಯಿಂಗ್ 737 ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಎಂಟು ಜನ ಉಳಿದರು. ಮಂಗಳೂರಿನ ರಾಡಾರ್ ಆ ದಿನ ಕೆಲಸ ಮಾಡುತ್ತಿರಲಿಲ್ಲ, ವಿಮಾನ ನಿಲ್ದಾಣದ ಹತ್ತಿರದ ತನಕ ಎತ್ತರದಲ್ಲೇ ಉಳಿದಿತ್ತು. ಕೊನೆಯ ಹಾದಿಗೆ ಬಂದಾಗ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು. ‘ಗೋ ಅರೌಂಡ್’, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರೋಣ ಎಂದು ಸಹಪೈಲಟ್ ಹೇಳಿದ್ದು ಧ್ವನಿಮುದ್ರಣದಲ್ಲಿದೆ. ಆದರೂ ಇಳಿದರು, ಚಕ್ರ ನೆಲ ಮುಟ್ಟುವಾಗ ಸುಮಾರು 8,000 ಅಡಿ ರನ್‌ವೇಯಲ್ಲಿ 5,000ಕ್ಕೂ ಹೆಚ್ಚು ಅಡಿ ಕಳೆದಿತ್ತು. ಅಸ್ಥಿರವಾದ ಇಳಿತವನ್ನು ಕೈಬಿಡದಿದ್ದದ್ದೇ ಕಾರಣ ಎಂದು ತನಿಖೆ ಹೇಳಿತು.

ಆದ್ದರಿಂದ ನಿಮ್ಮ ವಿಮಾನ ಇನ್ನೇನು ನೆಲ ಮುಟ್ಟಿತು ಎನ್ನುವಾಗ ಎಂಜಿನ್ ಅಬ್ಬರಿಸಿ ಮೇಲೇರಿದರೆ ಪೈಲಟ್‌ಗೆ ಬೈಯಬೇಡಿ. ಇಪ್ಪತ್ತು ನಿಮಿಷ ತಡವಾಗುತ್ತದೆ, ಅಷ್ಟೇ.

ಕೊನೆಯ ಕೆಲವು ಮೈಲಿಗಳಲ್ಲಿ ದಾರಿ ತೋರಿಸುವುದು ಯಾವುದು?

ಹೆಚ್ಚಾಗಿ ಐಎಲ್‌ಎಸ್. ರನ್‌ವೇ ಬಳಿಯ ಎರಡು ರೇಡಿಯೊ ಸಾಧನಗಳು. ಒಂದು ಎಡಬಲ ಹೇಳುತ್ತದೆ, ಇನ್ನೊಂದು ಮೂರು ಡಿಗ್ರಿ ಇಳಿಜಾರನ್ನು ಹೇಳುತ್ತದೆ. ಮೊದಲಿನದು ಒಂದು ಬದಿಗೆ 90 ಹರ್ಟ್ಸ್ ಸ್ವರವನ್ನು, ಇನ್ನೊಂದು ಬದಿಗೆ 150 ಹರ್ಟ್ಸ್ ಸ್ವರವನ್ನು ಹೆಚ್ಚು ಗಟ್ಟಿಯಾಗಿ ಹರಡುತ್ತದೆ. ಎರಡೂ ಸಮವಾಗಿದ್ದರೆ ನೀವು ನಡುಗೆರೆಯ ಮೇಲಿದ್ದೀರಿ. ಹಳೆಯ ಎ ಮತ್ತು ಎನ್ ಸದ್ದಿನ ಉಪಾಯದ ಮೊಮ್ಮಗ ಇದು. ಈಗ ಕಿವಿಯ ಬದಲು ಉಪಕರಣ ಕೇಳಿಸಿಕೊಳ್ಳುತ್ತದೆ. ಸಾಮಾನ್ಯ ದರ್ಜೆಯ ಐಎಲ್‌ಎಸ್‌ನಲ್ಲಿ ನೆಲದಿಂದ 200 ಅಡಿ ಎತ್ತರಕ್ಕೆ ಬಂದಾಗಲೂ ರನ್‌ವೇ ದೀಪಗಳು ಕಾಣದಿದ್ದರೆ ಮೇಲೇರಲೇಬೇಕು.

ಜಿಪಿಎಸ್ ಇರುವಾಗ ಇಷ್ಟೆಲ್ಲ ಹಳೆಯ ಸಾಮಾನು ಯಾಕೆ?

ಜಿಪಿಎಸ್ ಜನಸಾಮಾನ್ಯರಿಗೆ ಸಿಕ್ಕಿದ್ದರ ಹಿಂದೆಯೂ ವಾಯುಮಾರ್ಗದ ಕಥೆಯೊಂದಿದೆ. 1983ರ ಆಗಸ್ಟ್ 31ರಂದು ಆ್ಯಂಕರೇಜಿನಿಂದ ಸೋಲ್‌ಗೆ ಹೊರಟ ಕೊರಿಯನ್ ಏರ್‌ಲೈನ್ಸ್ 007 ವಿಮಾನ ರೋಮಿಯೊ 20 (ರೇಡಿಯೊ ಮಾತಿನಲ್ಲಿ ಆರ್ ಅಕ್ಷರಕ್ಕೆ ರೋಮಿಯೊ ಎನ್ನುತ್ತಾರೆ) ಎಂಬ ಮಾರ್ಗ ಹಿಡಿಯಬೇಕಿತ್ತು. ಆಟೊಪೈಲಟ್ ಬಿಂದುಗಳನ್ನು ಅನುಸರಿಸದೆ ಒಂದೇ ದಿಕ್ಕನ್ನು ಹಿಡಿದು ಹೋಯಿತು. ದಾರಿಯಿಂದ ನಿಧಾನವಾಗಿ ಸರಿದು ಸೋವಿಯತ್ ಆಕಾಶ ಹೊಕ್ಕಾಗ, ಅಲ್ಲಿನ ಸೆಪ್ಟೆಂಬರ್ 1ರಂದು, ಯುದ್ಧವಿಮಾನ ಅದನ್ನು ಹೊಡೆದುರುಳಿಸಿತು. 269 ಜನ ಸತ್ತರು. ಅದೇ ತಿಂಗಳು ಅಮೆರಿಕದ ಅಧ್ಯಕ್ಷ ರೇಗನ್, ಜಿಪಿಎಸ್ ಸಿದ್ಧವಾದಾಗ ನಾಗರಿಕ ವಿಮಾನಗಳಿಗೂ ತೆರೆಯುವುದಾಗಿ ಪ್ರಕಟಿಸಿದರು.

ನಮ್ಮಲ್ಲಿ ಜಿಪಿಎಸ್ ಸಂಕೇತವನ್ನು ತಿದ್ದಿ ಕೊಡುವ ‘ಗಗನ್’ ವ್ಯವಸ್ಥೆಯನ್ನು ಇಸ್ರೊ ಮತ್ತು ವಿಮಾನ ನಿಲ್ದಾಣಗಳ ಪ್ರಾಧಿಕಾರ ಸೇರಿ ಕಟ್ಟಿವೆ. ಅದರ ಮುಖ್ಯ ನಿಯಂತ್ರಣ ಕೇಂದ್ರ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ಆ ಕಡೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವರಿಗೆ ಇದು ಗೊತ್ತಿರುವುದು ಅನುಮಾನ. ಭಾರತದ ಮೇಲೆ ವಾತಾವರಣದ ಮೇಲ್ಪದರ ಸಂಕೇತಗಳನ್ನು ಹೆಚ್ಚು ಕೆಡಿಸುವುದರಿಂದ ಇದು ಸುಲಭದ ಕೆಲಸವಾಗಿರಲಿಲ್ಲ. 2022ರ ಏಪ್ರಿಲಿನಲ್ಲಿ ರಾಜಸ್ಥಾನದ ಕಿಶನ್‌ಗಢದಲ್ಲಿ ಎಟಿಆರ್ ವಿಮಾನವೊಂದು ಗಗನ್ ಆಧಾರದ ಮೇಲೆ ಇಳಿಯಿತು, ಅಲ್ಲಿ ಐಎಲ್‌ಎಸ್ ಯಂತ್ರವಿರಲಿಲ್ಲ.

ಹಳೆಯ ಸಾಮಾನು ಉಳಿದಿರುವುದಕ್ಕೆ ಕಾರಣ: ಉಪಗ್ರಹದ ಸಂಕೇತ ಬಹಳ ಕ್ಷೀಣ, ಅದನ್ನು ಮುಚ್ಚಿಹಾಕುವುದೂ ನಕಲು ಮಾಡುವುದೂ ಸಾಧ್ಯ. 2023ರಿಂದ ಇರಾಕ್, ಇರಾನ್ ಸುತ್ತಲಿನ ಆಕಾಶದಲ್ಲಿ ವಿಮಾನಗಳಿಗೆ ಸುಳ್ಳು ಸ್ಥಾನ ತೋರಿಸುವ ಸಂಕೇತಗಳು ಸಿಕ್ಕಿವೆ. ಆಗ ನೆರವಿಗೆ ಬರುವುದು ಹೊರಗಿನ ಯಾರನ್ನೂ ಕೇಳದೆ ತನ್ನ ಚಲನೆಯನ್ನೇ ಅಳೆದು ಲೆಕ್ಕ ಹಾಕುವ ಉಪಕರಣ, ಮತ್ತು ನೆಲದ ಮೇಲಿನ ಅದೇ ಹಳೆಯ ವಿಒಆರ್ ಕೇಂದ್ರಗಳು.

ಏರೋ ಇಂಡಿಯಾ ನಡೆಯುವಾಗ ನಮ್ಮ ವಿಮಾನ ಯಾಕೆ ತಡವಾಗುತ್ತದೆ?

ಯಲಹಂಕ ವಾಯುನೆಲೆ ಕೆಂಪೇಗೌಡ ನಿಲ್ದಾಣದಿಂದ ಹತ್ತು ಹನ್ನೆರಡು ಕಿಲೋಮೀಟರ್. ಅಲ್ಲಿ ಕಸರತ್ತು ನಡೆಯುವಾಗ ಇಲ್ಲಿನ ಹಾದಿಗಳಿಗೆ ಜಾಗವಿಲ್ಲ.

ಕಿಟಕಿಯಿಂದ ನೋಡಿ ಯಾವ ಹಾದಿಯಲ್ಲಿದ್ದೇವೆ ಎಂದು ತಿಳಿಯಬಹುದೇ?

ಬೆಂಗಳೂರಿನಲ್ಲಿ ಬಹಳ ಸುಲಭ. ಚಕ್ರ ಕೆಳಗಿಳಿದ ಗಡಗಡ ಸದ್ದು ಕೇಳಿದ ಮೇಲೆ ನಂದಿಬೆಟ್ಟವನ್ನು ಹುಡುಕಿ. ಅದು ಬಲ ಕಿಟಕಿಗೆ ಕಂಡರೆ ನೀವು 27ಕ್ಕೆ, ಅಂದರೆ ಚಿಕ್ಕಪ್ಪನ ತಾರಸಿಯ ಕಡೆಯಿಂದ ಬರುತ್ತಿದ್ದೀರಿ. ಎಡ ಕಿಟಕಿಗೆ ಕಂಡರೆ 09, ರಾಜಾನುಕುಂಟೆ ಕಡೆಯಿಂದ. ಟಿಕೆಟ್ ಕಾಯ್ದಿರಿಸುವಾಗ ಯಾವ ಬದಿಯ ಸೀಟು ಒಳ್ಳೆಯದು ಎಂದು ಮಾತ್ರ ನನ್ನನ್ನು ಕೇಳಬೇಡಿ; ಗಾಳಿ ಆ ದಿನವೇ ತೀರ್ಮಾನಿಸುತ್ತದೆ.